ಕಂದಾಯದ ಮೇಲಿನ ಆಣೆ, ಹೋಬಳಿಗೊಂದು ಶಾಲೆ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟ ಈ ಮೂರೂ ಕಡೆ ಅಶೋಕನ ಶಾಸನಗಳನ್ನು 1892ರಲ್ಲಿ ಪತ್ತೆ ಹಚ್ಚಿದವರು ಬಿ. ಎಲ್. ರೈಸ್. ತಂದೆತಾಯಿಯ ಮಾತು ಕೇಳಬೇಕು, ಸತ್ಯ ನುಡಿಯಬೇಕು, ಶಿಷ್ಯನಾದವನು ಆಚಾರ್ಯನನ್ನು ಗೌರವಿಸಬೇಕು ಎಂದು ಇಸಿಲ ಪಟ್ಟಣದ ಅಧಿಕಾರಿಗಳಿಗೆ ಹೇಳಿ ಕಳಿಸಿದ ಆಜ್ಞೆ ಅದು. ಕೆತ್ತಿಸಿದ ಚಪಡನೆಂಬ ಲಿಪಿಕಾರ ತನ್ನ ವೃತ್ತಿಯ ಹೆಸರನ್ನು ಮಾತ್ರ ದೂರದ ವಾಯವ್ಯ ಸೀಮೆಯ ಖರೋಷ್ಠಿ ಅಕ್ಷರದಲ್ಲಿ ಬರೆದುಕೊಂಡಿದ್ದಾನೆ. ಓದು ಬರಹ ಬಲ್ಲವನ ಸಣ್ಣ ಗತ್ತು. ಈ ಶೋಧದ ಕೀರ್ತಿ ರೈಸ್ ಅವರಿಗೆ ಧಾರಾಳವಾಗಿ ಸಂದಿದೆ. ಆದರೆ ಅದಕ್ಕೂ 24 ವರ್ಷ ಮೊದಲು ಇದೇ ಮನುಷ್ಯ ಮಾಡಿದ ಇನ್ನೊಂದು ಕೆಲಸವನ್ನು ಈ ಭಾಗದಲ್ಲಿ ನೆನೆಯುವವರು ಕಡಿಮೆ. ಮೈಸೂರು ಸಂಸ್ಥಾನ ಇನ್ನೂ ಬ್ರಿಟಿಷ್ ಕಮಿಷನರ ಆಡಳಿತದಲ್ಲಿದ್ದ 1868ರಲ್ಲಿ, ಶಿಕ್ಷಣ ಇಲಾಖೆಯ ಹೊಣೆ ಹೊತ್ತಿದ್ದ ರೈಸ್ ಹೋಬಳಿಗೊಂದು ಶಾಲೆ ಎಂಬ ಯೋಜನೆ ಮಂಡಿಸಿದರು. ರೈತನ ಕಂದಾಯಕ್ಕೂ ಹಳ್ಳಿಯ ಶಾಲೆಗೂ ಗಂಟು ಬಿದ್ದದ್ದು ಅಲ್ಲಿ. ಆ ಗಂಟು ಹೇಗೆ ಬಿತ್ತು, ಹೇಗೆ ಸಡಿಲವಾಯಿತು ಎಂದು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಶಾಲೆಗಾಗಿ ತೆರಿಗೆ ಕೊಡಲು ಚಳ್ಳಕೆರೆ-ಮೊಳಕಾಲ್ಮೂರಿನ ಜನ ಹಿಂಜರಿದದ್ದಕ್ಕಿಂತ, ಕೊಡುತ್ತೀರಾ ಎಂದು ಅವರನ್ನು ಕೇಳಲು ಆಳುವವರು ಹಿಂಜರಿದದ್ದೇ ಹೆಚ್ಚು. ಅಮೆರಿಕದ ಅನೇಕ ಊರುಗಳಲ್ಲಿ ಶಾಲೆಗಾಗಿ ಮನೆ-ಜಮೀನಿನ ತೆರಿಗೆ ಏರಿಸಬೇಕಾದರೆ ಅದನ್ನು ಮತಪತ್ರದಲ್ಲಿ ಅಚ್ಚು ಹಾಕಿಸಿ ಹೌದು-ಅಲ್ಲ ಕೇಳುತ್ತಾರೆ. ನಮ್ಮಲ್ಲಿ ನೂರೈವತ್ತು ವರ್ಷಗಳಿಂದ ತೆರಿಗೆ ಉಂಟು, ಆ ಪ್ರಶ್ನೆ ಇಲ್ಲ.

ರೈಸ್ ಯೋಜನೆಗಿಂತ ಮೊದಲು ಹಳ್ಳಿಯಲ್ಲಿ ಶಾಲೆ ಇರಲಿಲ್ಲವೆಂದಲ್ಲ. ಐಗಳ ಮಠ, ಕೂಲಿಮಠ ಎಂದು ಕರೆಯುತ್ತಿದ್ದ ಶಾಲೆಗಳು ಗುಡಿಯ ಜಗಲಿಯಲ್ಲೋ ಛತ್ರದಲ್ಲೋ ಸ್ಥಿತಿವಂತರ ಮನೆಯ ಪಡಸಾಲೆಯಲ್ಲೋ ನಡೆಯುತ್ತಿದ್ದವು. ಮರಳಿನ ಮೇಲೆ ಬೆರಳಾಡಿಸಿ ಅಕ್ಷರ, ಬಾಯಿಪಾಠದಿಂದ ಮಗ್ಗಿ, ಕೊನೆಗೆ ಕಾಗದಪತ್ರ ಬರೆಯುವಷ್ಟು ಲೆಕ್ಕ. ಐಗಳಿಗೆ ಸಂಬಳವೆಂದರೆ ಮಕ್ಕಳ ಮನೆಯಿಂದ ಬರುವ ಕಾಳುಕಡಿ, ಹಬ್ಬಕ್ಕೆ ಎಣ್ಣೆ-ಬೆಲ್ಲ, ಎಲ್ಲೋ ಅಪರೂಪಕ್ಕೆ ದುಡ್ಡು. ವರ್ಷಕ್ಕೊಮ್ಮೆ ಮಹಾನವಮಿಯಲ್ಲಿ ಐಗಳು ಮಕ್ಕಳಿಗೆ ಹೊಸ ಬಟ್ಟೆ ಉಡಿಸಿ, ಬಣ್ಣದ ಬಿಲ್ಲು-ಬಾಣ ಹಿಡಿಸಿ, ಮನೆಮನೆಯ ಮುಂದೆ ನಿಲ್ಲಿಸಿ ಚೌಪದ ಹೇಳಿಸುತ್ತಿದ್ದರು. ಮಗು ತಪ್ಪಿಲ್ಲದೆ ಹಾಡಿತೋ ಇಲ್ಲವೋ ಎಂದು ಮನೆಯವರು ಕೇಳಿಸಿಕೊಳ್ಳುವರು. ಗುರುಗಳಿಗೆಂದು ಮೊರದಲ್ಲಿ ಅಕ್ಕಿಯನ್ನೋ ತಟ್ಟೆಯಲ್ಲಿ ನಾಣ್ಯವನ್ನೋ ಕೊಡುವರು. ಶಾಲೆಗೆ ಮಕ್ಕಳನ್ನು ಕಳಿಸದ ಮನೆಯೂ ಆ ದಿನ ಏನಾದರೂ ಕೊಡುತ್ತಿತ್ತು. ಇದನ್ನು ತೆರಿಗೆ ಎಂದು ಯಾರೂ ಅನ್ನುತ್ತಿರಲಿಲ್ಲ. ಆದರೂ ತೆರಿಗೆಗೆ ಬೇಕಾದ ಎರಡು ಅಂಶ ಇದರಲ್ಲಿದ್ದವು: ಊರಿನ ಪ್ರತಿ ಮನೆಯ ಪಾಲು, ಮತ್ತು ಕೊಟ್ಟದ್ದಕ್ಕೆ ಕಣ್ಣೆದುರೇ ಲೆಕ್ಕ. ಇಷ್ಟು ಹೇಳಿ ಇದನ್ನು ಚಿನ್ನದ ಕಾಲವೆಂದು ಬಣ್ಣಿಸುವಂತಿಲ್ಲ. ಆ ಜಗಲಿ ಹತ್ತಲು ಹೆಣ್ಣುಮಕ್ಕಳಿಗೆ ಅವಕಾಶವಿರಲಿಲ್ಲ, ದಲಿತರ ಮಕ್ಕಳಿಗಂತೂ ಅದರ ಮಾತೇ ಇಲ್ಲ. ಹಟ್ಟಿಗಳಲ್ಲಿ ದನ-ಕುರಿಯ ಹಿಂದೆ ಬದುಕುತ್ತಿದ್ದ ಮ್ಯಾಸಬೇಡರಿಗೂ ಕಾಡುಗೊಲ್ಲರಿಗೂ ಅಕ್ಷರ ದೂರದ ಮಾತಾಗಿತ್ತು. ಕೊಡುವವರ ಒಪ್ಪಿಗೆಯ ಮೇಲೆ ನಿಂತ ಶಾಲೆ ಕೊಡುವವರ ಮಕ್ಕಳಿಗೆ ಮಾತ್ರ ಉಳಿಯಿತು. ಸ್ಥಳೀಯ ವಂತಿಗೆಯನ್ನು ಹೊಗಳುವವರು ಈ ಮಾತನ್ನು ಮರೆಯಬಾರದು. ಮುಂದೆ ನಾನೂ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ.

ಹೋಬಳಿ ಶಾಲೆಯ ಯೋಜನೆ ಈ ಐಗಳನ್ನೇ ಆದಷ್ಟು ಒಳಗೆ ತೆಗೆದುಕೊಂಡು, ತರಬೇತಿ ಕೊಟ್ಟು, ಸರ್ಕಾರದ ಮೇಷ್ಟ್ರನ್ನಾಗಿ ಮಾಡಲು ಹೊರಟಿತು. ಅದರ ಷರತ್ತು ಗಮನಿಸುವಂಥದ್ದು: ಊರಿನವರು ಶಾಲೆ ಬೇಕೆಂದು ಕೇಳಬೇಕು, ಕಟ್ಟಡವನ್ನು ತಾವೇ ಒದಗಿಸಬೇಕು; ಆಮೇಲೆ ಮೇಷ್ಟ್ರ ಸಂಬಳ ಸಾರ್ವಜನಿಕ ಹಣದಿಂದ. ಆ ಹಣಕ್ಕೆ ಮೂಲ ಸ್ಥಳೀಯ ನಿಧಿ, ಎಂದರೆ ರೂಪಾಯಿ ಕಂದಾಯಕ್ಕೆ ಒಂದು ಆಣೆಯಂತೆ ರೈತನಿಂದ ಹೆಚ್ಚುವರಿಯಾಗಿ ವಸೂಲು ಮಾಡುತ್ತಿದ್ದ ಕರ. ಅದರ ದೊಡ್ಡ ಪಾಲು ರಸ್ತೆಗಳಿಗೆ ಹೋಗುತ್ತಿತ್ತು, ಸುಮಾರು ಕಾಲು ಭಾಗ ಹಳ್ಳಿಯ ಶಾಲೆಗಳಿಗೆ. ಮುಂಬೈ ಆಧಿಪತ್ಯದಲ್ಲಿದ್ದ ಧಾರವಾಡ, ಬೆಳಗಾವಿ ಕಡೆಗೂ ಇದೇ ಒಂದು ಆಣೆಯ ಕರ 1860ರ ದಶಕದಲ್ಲೇ ಬಂದಿತ್ತು. ಅಲ್ಲಿ ಮೂರನೆಯ ಒಂದು ಪಾಲು ಶಾಲೆಗೆ. ಎರಡು ಕಡೆಯೂ ಕರ ಹಾಕುವಾಗ ಯಾವ ರೈತನನ್ನೂ ಕೇಳಲಿಲ್ಲ. ಆದರೆ ಮೈಸೂರಿನ ಯೋಜನೆಯೊಳಗೆ ಅರಿವಿದ್ದೋ ಇಲ್ಲದೆಯೋ ಒಂದು ಅರ್ಧ ಮತದಾನ ಸೇರಿಕೊಂಡಿತ್ತು. ಆಣೆ ಕಡ್ಡಾಯ, ಶಾಲೆ ಮಾತ್ರ ಐಚ್ಛಿಕ. ಕಲ್ಲು, ಮಣ್ಣು, ತೊಲೆ, ಆಳು ಹೊಂದಿಸಿ ಗೋಡೆ ಎಬ್ಬಿಸಿದ ಊರು ಹೌದು ಎಂದು ಮತ ಹಾಕಿದಂತೆ. ಸುಮ್ಮನಿದ್ದ ಊರಿನವರೂ ಆಣೆ ಕಟ್ಟುತ್ತಲೇ ಇದ್ದರು, ಅದು ಪಕ್ಕದ ಊರಿನ ಮೇಷ್ಟ್ರ ಸಂಬಳವಾಗುತ್ತಿತ್ತು. ಬಡ ಊರು ಸಿರಿವಂತ ಊರಿನ ಶಾಲೆಗೆ ಹಣ ಹೊಂದಿಸುವ ಈ ತಿರುವುಮುರುವನ್ನು ಆ ಕಾಲದಲ್ಲೇ ಬಲ್ಲವರಿದ್ದರು. 1882ರ ಹಂಟರ್ ಆಯೋಗ, ರೈಸ್ ಅವರೇ ಕಾರ್ಯದರ್ಶಿಯಾಗಿದ್ದ ಆಯೋಗವದು, ಹಳ್ಳಿಯ ಶಾಲಾ ನಿಧಿಯನ್ನು ಪಟ್ಟಣದ ನಿಧಿಯಿಂದ ಬೇರೆಯಾಗಿಯೇ ಇಡಬೇಕು, ಒಂದರ ಹಣ ಇನ್ನೊಂದಕ್ಕೆ ಹರಿಯಬಾರದು ಎಂದು ಸಲಹೆ ಮಾಡಿತು.

ಚಳ್ಳಕೆರೆ-ಮೊಳಕಾಲ್ಮೂರಿನ ಮಟ್ಟಿಗೆ ಕಷ್ಟ ಬೇರೆಯೇ ಇತ್ತು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಇದೂ ಒಂದು. ಕಂದಾಯದ ಬೆನ್ನಿಗೆ ಕಟ್ಟಿದ ಶಾಲೆ ಮಳೆಯ ಬೆನ್ನಿಗೆ ಕಟ್ಟಿದ ಶಾಲೆಯೇ. 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನ ಹತ್ತು ಲಕ್ಷದಷ್ಟು ಜನರನ್ನು ಕಳೆದುಕೊಂಡಿತು. ಅಂಥ ವರ್ಷದಲ್ಲಿ ಕಂದಾಯವೇ ಹುಟ್ಟದಿದ್ದರೆ ಅದರ ಮೇಲಿನ ಆಣೆ ಎಲ್ಲಿಂದ ಬರಬೇಕು? ಕಾವೇರಿ ನಾಲೆಯ ಕೆಳಗಿನ ಹೋಬಳಿಗೂ ತಳಕು ಹೋಬಳಿಗೂ ರೂಪಾಯಿಗೆ ಒಂದೇ ಆಣೆ ಎಂಬುದು ಕೇಳಲು ಸಮಾನತೆ. ಅದರಿಂದ ಬರುವ ಮೊತ್ತದಲ್ಲಿ ಸಮಾನತೆ ಇಲ್ಲ. ಇಷ್ಟಾದರೂ ಇದೇ ತಳಕಿನಿಂದ ಟಿ. ಎಸ್. ವೆಂಕಣ್ಣಯ್ಯನವರು ಹೊರಟು ಮಹಾರಾಜ ಕಾಲೇಜಿನ ಕನ್ನಡ ಪ್ರಾಧ್ಯಾಪಕರಾದರು, ಕುವೆಂಪು ಅವರಿಗೆ ಗುರುವಾದರು. ಅದೇ ಮನೆತನದಲ್ಲಿ ತ. ರಾ. ಸುಬ್ಬರಾಯರು ಬಂದರು. ಒಂದು ಊರಿನಿಂದ ಇಂಥವರು ಹೊರಟರೆಂಬುದು ಆ ಸೀಮೆಯ ಶಾಲೆಗಳು ಚೆನ್ನಾಗಿದ್ದವು ಎಂಬುದಕ್ಕೆ ಸಾಕ್ಷಿಯಲ್ಲ. ಓದುವ ಮನೆತನಗಳು ಶಾಲೆ ಇಲ್ಲದೆಯೂ ಓದುತ್ತವೆ.

ಮೊಳಕಾಲ್ಮೂರಿನಿಂದ ಪೂರ್ವಕ್ಕೆ ಸ್ವಲ್ಪ ದೂರ ಹೋದರೆ ರಾಯದುರ್ಗ. ಇಂದು ಅದು ಆಂಧ್ರಕ್ಕೆ ಸೇರಿದೆ. 1953ರ ಅಕ್ಟೋಬರ್‌ವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿ ಮದ್ರಾಸಿನ ಆಡಳಿತದಲ್ಲಿತ್ತು. ಗಡಿಯ ಈಚೆ ಆಚೆ ನೆಂಟಸ್ತನವೂ ಎರಡು ಭಾಷೆಯ ಮಾತೂ ಹಂಚಿಕೊಂಡಿರುವ ಜನ, ಶಾಲೆಯ ತೆರಿಗೆಯ ಚರಿತ್ರೆ ಮಾತ್ರ ಬೇರೆ. ಮತದಾನಕ್ಕೆ ತೀರ ಹತ್ತಿರದ ಪ್ರಯೋಗ ಹತ್ತೊಂಬತ್ತನೆಯ ಶತಮಾನದ ದಕ್ಷಿಣ ಭಾರತದಲ್ಲಿ ನಡೆದದ್ದು ಆ ಮದ್ರಾಸ್ ಆಧಿಪತ್ಯದಲ್ಲೇ. 1850ರ ದಶಕದಲ್ಲಿ ಗೋದಾವರಿ ಸೀಮೆಯ ನರಸಾಪುರದ ಸುತ್ತ ಸಬ್ ಕಲೆಕ್ಟರ್ ಟೇಲರ್ ಎಂಬವರ ಉತ್ತೇಜನದಿಂದ ರೈತರು ತಮ್ಮ ಕಂದಾಯದ ಮೇಲೆ ಅಷ್ಟಿಷ್ಟು ಸೇರಿಸಿ ಕಟ್ಟಿ ಊರೂರಿಗೆ ಶಾಲೆ ಮಾಡಿಕೊಳ್ಳಲು ಒಪ್ಪಿದರು. ಆ ಒಪ್ಪಿಗೆಗೆ ಕಾನೂನಿನ ಬಲ ಕೊಡಲು 1863ರಲ್ಲಿ ಒಂದು ಕಾಯ್ದೆಯೇ ಬಂತು: ಊರಿನವರು ಒಪ್ಪಿ ಬರೆದುಕೊಟ್ಟರೆ ಆ ಊರಿನ ಮಟ್ಟಿಗೆ ಶಾಲಾ ಕರ ವಸೂಲು ಮಾಡಬಹುದು. ಪ್ರಯೋಗ ಗೋದಾವರಿಯಾಚೆ ಬೇರು ಬಿಡಲಿಲ್ಲ. ಒಪ್ಪಿಗೆ ಕೊಟ್ಟವರು ಯಾರು, ಊರಿನ ಹಿರಿಯರೋ ಎಲ್ಲರೋ, ಒಮ್ಮೆ ಒಪ್ಪಿದ ಮೇಲೆ ಹಿಂದೆ ಸರಿಯಬಹುದೋ ಎಂಬ ತಕರಾರುಗಳು ಎದ್ದವು. 1871ರಲ್ಲಿ ಮದ್ರಾಸ್ ಸರ್ಕಾರ ಒಪ್ಪಿಗೆಯ ಗೋಜು ಬಿಟ್ಟು ಸ್ಥಳೀಯ ನಿಧಿ ಕಾಯ್ದೆ ತಂದಿತು. ಅದರೊಳಗೆ ಊರುಗಳ ಗುಂಪು ಮಾಡಿ ಶಾಲೆಗೆಂದು ಹಾಕಲು ಹೊರಟ ಮನೆ ತೆರಿಗೆ ಎಷ್ಟು ಅಸಮಾಧಾನ ಎಬ್ಬಿಸಿತೆಂದರೆ ಸರ್ಕಾರವೇ ಅದನ್ನು ಕೈಬಿಡಬೇಕಾಯಿತು. ಕೇಳಿ ಪಡೆದ ಕರ ಕೆಲವು ಕಾಲವಾದರೂ ನಡೆಯಿತು, ಕೇಳದೆ ಹೇರಿದ ಮನೆ ತೆರಿಗೆ ನಿಲ್ಲಲೇ ಇಲ್ಲ. ಮತ್ತೆ 1920ರಲ್ಲಿ ಮದ್ರಾಸಿನ ಪ್ರಾಥಮಿಕ ಶಿಕ್ಷಣ ಕಾಯ್ದೆ ಹಳೆಯ ಯೋಚನೆಯನ್ನು ಹೊಸ ರೂಪದಲ್ಲಿ ತಂದಿತು. ಚುನಾಯಿತ ಸ್ಥಳೀಯ ಮಂಡಳಿ ನಿರ್ಣಯ ಮಾಡಿ ಶಿಕ್ಷಣ ತೆರಿಗೆ ಹಾಕಿದರೆ ಸರ್ಕಾರವೂ ಅದಕ್ಕೆ ತನ್ನ ಪಾಲು ಸೇರಿಸಬೇಕು. ಅಲ್ಲಿ ತೆರಿಗೆ ಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ಮಂಡಳಿಯ ಮೇಜಿನ ಮೇಲೆ ಇಟ್ಟು ಚರ್ಚಿಸುವ ಅವಕಾಶವಾದರೂ ಹುಟ್ಟಿತು.

ಮೈಸೂರಿನ ಕಡೆ ಅಂಥ ಚರ್ಚೆಗೆ ವೇದಿಕೆ ಇರಲಿಲ್ಲ ಎನ್ನುವಂತಿಲ್ಲ. ದಿವಾನ್ ರಂಗಾಚಾರ್ಲು ಅವರು 1881ರ ದಸರೆಯಲ್ಲಿ ಸೇರಿಸಿದ ಪ್ರಜಾಪ್ರತಿನಿಧಿ ಸಭೆಗೆ ಸಂಸ್ಥಾನದ ಎಲ್ಲ ಕಡೆಯಿಂದ ರೈತ-ವರ್ತಕ ಪ್ರತಿನಿಧಿಗಳು 144 ಮಂದಿ ಹೋಗಿದ್ದರು. ಸಭೆಗೆ ಕೇಳುವ ಹಕ್ಕಿತ್ತು, ನಿರ್ಧರಿಸುವ ಹಕ್ಕಿರಲಿಲ್ಲ. 1923ರ ಸುಧಾರಣೆಯ ನಂತರ ಹೊಸ ತೆರಿಗೆ ಹಾಕುವ ಮೊದಲು ಈ ಸಭೆಯ ಅಭಿಪ್ರಾಯ ಕೇಳಲೇಬೇಕು ಎಂದಾಯಿತು. ಮೈಸೂರಿನವರು ಹೆಮ್ಮೆಪಡುವ ಸಂಗತಿ ಇದು. ಹೆಮ್ಮೆಗೆ ಕಾರಣವೂ ಇದೆ. ಆದರೆ ಆ ಸಭೆಗೆ ಮತ ಹಾಕುವ ಅರ್ಹತೆಯೇ ಆಸ್ತಿ, ಕಂದಾಯ, ವಿದ್ಯೆಗೆ ಜೋತುಬಿದ್ದಿತ್ತು. ಕಂಬಳಿ ನೇಯುವವನಿಗೆ, ಮಗ್ಗದ ಗುಂಡಿಯಲ್ಲಿ ಕೂತ ರೇಷ್ಮೆ ನೇಕಾರನಿಗೆ, ಕೂಲಿಯವನಿಗೆ ಅಲ್ಲಿ ದನಿ ಇಲ್ಲ. ಶಾಲೆ ಯಾರಿಗೆ ಹೆಚ್ಚು ಬೇಕೋ ಅವರು ಮತದಾರರಲ್ಲ, ಮತದಾರರಾದವರ ಮಕ್ಕಳು ಹೇಗೂ ಚಿತ್ರದುರ್ಗಕ್ಕೋ ಬೆಂಗಳೂರಿಗೋ ಓದಲು ಹೋಗಬಲ್ಲವರು.

ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, 1913ರಲ್ಲಿ, ಮೈಸೂರು ಪ್ರಾಥಮಿಕ ಶಿಕ್ಷಣದ ಕಾನೂನು ಮಾಡಿ ಆಯ್ದ ಸ್ಥಳಗಳಲ್ಲಿ ಕಡ್ಡಾಯ ಶಿಕ್ಷಣ ತಂದಿತು. ಅದಕ್ಕೆ ಒಂದು ವರ್ಷ ಮೊದಲಷ್ಟೇ ಗೋಖಲೆಯವರ ಇಂಥದೇ ಮಸೂದೆ ಬ್ರಿಟಿಷ್ ಇಂಡಿಯಾದ ಶಾಸನ ಸಭೆಯಲ್ಲಿ 38ಕ್ಕೆ 13 ಮತಗಳಿಂದ ಬಿದ್ದಿತ್ತು. ಮೈಸೂರು ಮುಂದೆ ಇಟ್ಟ ಈ ಹೆಜ್ಜೆಗೆ ಹಣದ ಆಧಾರ ಹುಡುಕುತ್ತ ಹೋದಾಗ ಬಂದದ್ದು 1930ರ ಕಾನೂನು. ಅದು ಪ್ರಾಥಮಿಕ ಶಾಲೆಗಳ ಆಡಳಿತವನ್ನು ಜಿಲ್ಲಾ ಮಟ್ಟದ ಸ್ಥಳೀಯ ಶಿಕ್ಷಣ ಪ್ರಾಧಿಕಾರಗಳಿಗೆ ಒಪ್ಪಿಸಿತು. ಶಿಕ್ಷಣ ಕರ ಮತ್ತು ಸರ್ಕಾರದ ಅನುದಾನ ಎರಡನ್ನೂ ಸೇರಿಸಿ ಅವು ಶಾಲೆ ನಡೆಸಬೇಕು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ವಿಕೇಂದ್ರೀಕರಣ ಬೇಕಿಲ್ಲ. ಆದರೆ ಹೊತ್ತು ಕೆಟ್ಟಿತ್ತು. ಜಗತ್ತಿನ ಆರ್ಥಿಕ ಕುಸಿತ ಹತ್ತಿಯ, ಕಡಲೆಕಾಯಿಯ ಬೆಲೆಯನ್ನು ನೆಲಕ್ಕೆ ಕೆಡವಿದ್ದ ವರ್ಷಗಳವು. ಜೊತೆಗೆ, ಸ್ಥಳೀಯ ಎಂದು ಕರೆಸಿಕೊಂಡ ಪ್ರಾಧಿಕಾರ ಚಿತ್ರದುರ್ಗದಲ್ಲಿ ಕೂತಿತ್ತು. ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರದವನಿಗೆ ಚಿತ್ರದುರ್ಗವೂ ಬೆಂಗಳೂರಿನಷ್ಟೇ ದೂರದ ಸರ್ಕಾರ. ಹನ್ನೊಂದು ವರ್ಷಕ್ಕೆ ಪ್ರಯೋಗ ಮುಗಿಯಿತು. 1941ರ ಕಾಯ್ದೆ ಶಾಲೆಗಳನ್ನು ಮತ್ತೆ ಸರ್ಕಾರದ ಕೈಗೆ ತಂದಿತು. ಅಂದಿನ ಮಟ್ಟಿಗೆ ಅದು ಸರಿಯಾದ ತೀರ್ಮಾನವೇ: ಮೇಷ್ಟ್ರ ಸಂಬಳ ಜಿಲ್ಲೆಯ ಫಸಲನ್ನು ಕಾಯುವಂತಿರಬಾರದು. ನನ್ನ ತಕರಾರು ಬೇರೆ. ಶಾಲೆ ಮೇಲಕ್ಕೆ ಹೋಯಿತು, ಕರ ಕೆಳಗೇ ಉಳಿಯಿತು, ಎರಡಕ್ಕೂ ನಡುವಿನ ಲೆಕ್ಕ ಕಾಣೆಯಾಯಿತು.

ಆ ಕರ ಇಂದೂ ಇದೆ. ಗ್ರಾಮ ಪಂಚಾಯ್ತಿಯ ಬಿಲ್ ಕಲೆಕ್ಟರ್ ಕೊಡುವ ಮನೆ ಕಂದಾಯದ ರಸೀದಿಯನ್ನು ಹತ್ತಿರದಿಂದ ನೋಡಬೇಕು. ಮೊದಲ ಸಾಲಿನಲ್ಲಿ ಮನೆ ತೆರಿಗೆ, ಅದರ ಕೆಳಗೆ ಅದರ ಶೇಕಡಾ ಲೆಕ್ಕದಲ್ಲಿ ಉಪಕರಗಳು: ಆರೋಗ್ಯ ಕರ 15, ಶಿಕ್ಷಣ ಕರ 10, ಗ್ರಂಥಾಲಯ ಕರ 6, ಭಿಕ್ಷುಕರ ಕರ 3. ನಾನೂರು ರೂಪಾಯಿ ಮನೆ ತೆರಿಗೆಯಿದ್ದರೆ ಶಾಲೆಯ ಹೆಸರಿನಲ್ಲಿ ನಲವತ್ತು. ದೊಡ್ಡ ಹಣವಲ್ಲ, ಆದರೆ ಪ್ರತಿ ಮನೆಯದು. ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಕರಗಳು 1962, 1965, 1975ರ ಕಾಯ್ದೆಗಳ ಮಕ್ಕಳು. ಶಿಕ್ಷಣ ಕರ ಎಲ್ಲಕ್ಕಿಂತ ಹಳೆಯ ಮನೆತನದ್ದು, ರೈಸ್ ಕಾಲದ ಆಣೆಯ ವಂಶ. ಕಂದಾಯದ ಮೇಲಿದ್ದ ಬೇರು ಒಣಗಿದೆ, ಏಕೆಂದರೆ ಭೂಕಂದಾಯವೇ ಈಗ ನಾಮಮಾತ್ರ. ಮನೆ ತೆರಿಗೆಯ ಮೇಲಿನ ಟಿಸಿಲು ಉಳಿದಿದೆ. ಈ ಹಣ ಈ ಊರಿನ ಹಿರಿಯ ಪ್ರಾಥಮಿಕ ಶಾಲೆಗೆ ಎಷ್ಟು ಬಂತೆಂದು ರಸೀದಿ ಹೇಳುವುದಿಲ್ಲ, ಶಾಲೆಯ ಗೋಡೆಯೂ ಹೇಳುವುದಿಲ್ಲ. ದೆಹಲಿಯ ಕಥೆಯೂ ಭಿನ್ನವಲ್ಲ. 2004ರಲ್ಲಿ ಕೇಂದ್ರ ಸರ್ಕಾರ ಶೇ. 2ರ ಶಿಕ್ಷಣ ಉಪಕರ ಹಾಕಿತು, 2018ರಲ್ಲಿ ಆದಾಯ ತೆರಿಗೆಯ ಮೇಲಿನ ಅದು ಆರೋಗ್ಯವನ್ನೂ ಸೇರಿಸಿಕೊಂಡು ಶೇ. 4 ಆಯಿತು, ಆ ಹಣ ಮೀಸಲು ನಿಧಿಗೆ ಪೂರ್ತಿ ಹೋಗುತ್ತಿಲ್ಲವೆಂದು ಲೆಕ್ಕಪರಿಶೋಧಕರು ಆಕ್ಷೇಪಿಸಿದ್ದೂ ಆಯಿತು. ಗ್ರಂಥಾಲಯ ಕರದ ವಿಷಯದಲ್ಲಿ ಮಾತ್ರ ಸಣ್ಣ ಬದಲಾವಣೆ ಕಾಣುತ್ತದೆ. ಕೆಲವು ವರ್ಷಗಳ ಹಿಂದೆ ಹಳ್ಳಿಯ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಇಲಾಖೆಯ ಕೆಳಗೆ ತಂದು ಪಂಚಾಯ್ತಿಗೆ ಒಪ್ಪಿಸಿದ ಮೇಲೆ, ಅರಿವು ಕೇಂದ್ರ ಎಂಬ ಫಲಕ ಹೊತ್ತು ಅವು ಊರಿನವರ ಕಣ್ಣಿಗೆ ಬಿದ್ದಿವೆ. ಕರ ಎತ್ತುವವರೂ ಕಟ್ಟಡ ನೋಡಿಕೊಳ್ಳುವವರೂ ಒಬ್ಬರೇ ಆದಾಗ ಬಾಗಿಲು ಹಾಕಿದ್ದರೆ ಯಾರನ್ನು ಕೇಳಬೇಕೆಂದು ಜನರಿಗೆ ಗೊತ್ತಿರುತ್ತದೆ.

ಶಾಲೆಯ ವಿಷಯದಲ್ಲಿ ಹಾಗಿಲ್ಲ. 2001ರಿಂದ ಸರ್ಕಾರಿ ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಇದೆ, ಪೋಷಕರು ಸೇರಿ ಸದಸ್ಯರನ್ನು ಆರಿಸುತ್ತಾರೆ. ಅವರಿಗೆ ಮತ ಉಂಟು, ತೆರಿಗೆಯ ಒಂದು ಕಾಸಿನ ಮೇಲೂ ಅಧಿಕಾರವಿಲ್ಲ. ಪಂಚಾಯ್ತಿಗೆ ಕರ ಉಂಟು, ಶಾಲೆ ಅದರ ಮಾತು ಕೇಳಬೇಕಾಗಿಲ್ಲ. ಗ್ರಾಮಸಭೆಗೆ 1993ರ ಪಂಚಾಯತ್ ರಾಜ್ ಕಾಯ್ದೆಯ ಬಲ ಉಂಟು, ಅದರ ಮುಂದೆ ಶಿಕ್ಷಣ ಕರ ಒಂದು ಪ್ರಶ್ನೆಯಾಗಿ ಬರುವುದೇ ಇಲ್ಲ. ಮೂರನ್ನೂ ಒಂದು ಕಡೆ ತರಬೇಕೆಂಬುದು ನನ್ನ ವಾದ. ಈಗಿನ ಶೇ. 10 ಹಾಗೆಯೇ ಇರಲಿ. ಅದರಾಚೆ ತಮ್ಮ ಶಾಲೆಗೆ ಇನ್ನಷ್ಟು ಕೊಡಲು ಊರು ಸಿದ್ಧವಿದೆಯೇ, ಎಷ್ಟು, ಎಷ್ಟು ವರ್ಷಕ್ಕೆ, ಯಾವ ಕೆಲಸಕ್ಕೆ ಎಂದು ಗ್ರಾಮಸಭೆಯಲ್ಲಿ ಗುಪ್ತ ಮತದಿಂದ ಕೇಳಲಿ. ಊರು ಹೌದೆಂದರೆ ರಾಜ್ಯ ಸರ್ಕಾರ ತನ್ನ ಪಾಲು ಸೇರಿಸಲಿ.

ಇದಕ್ಕೆ ಬರುವ ಮೊದಲ ಆಕ್ಷೇಪ ಸುಲಭದ್ದು: ಜನ ಒಪ್ಪುವುದಿಲ್ಲ, ತೆರಿಗೆ ಎಂದರೆ ಯಾರು ತಾನೇ ಕೈಯೆತ್ತುತ್ತಾರೆ? ಹಾಗೆನ್ನುವವರು ನಾಯಕನಹಟ್ಟಿಯ ಜಾತ್ರೆಯನ್ನು ನೋಡಬೇಕು. ತಿಪ್ಪೇರುದ್ರಸ್ವಾಮಿಯ ರಥೋತ್ಸವದ ದಿನ ಮುಕ್ತಿ ಬಾವುಟದ ಹರಾಜು ನಡೆಯುತ್ತದೆ, ಲಕ್ಷಗಟ್ಟಲೆ ಕೂಗುತ್ತಾರೆ. ಒಣ ಸೀಮೆಯಲ್ಲಿ ಕೆರೆಗಳನ್ನು ಕಟ್ಟಿಸಿದನೆಂದು ಜನ ನೆನೆಯುವ ಆ ಸ್ವಾಮಿಯ ಮಾತು, ಮಾಡಿದಷ್ಟು ನೀಡು ಭಿಕ್ಷೆ, ಈ ಕಡೆ ಎಲ್ಲರ ನಾಲಿಗೆಯ ಮೇಲಿದೆ. ಅವರವರ ದುಡಿಮೆಗೆ ತಕ್ಕ ಲೆಕ್ಕ ಎಂಬ ನ್ಯಾಯ ತೆರಿಗೆಯ ಪಾಠಪುಸ್ತಕದಲ್ಲೂ ಇರುವಂಥದ್ದೇ. ಕಡಲೆಕಾಯಿಯ ಮಂಡಿಗಳು, ಎಣ್ಣೆ ಗಿರಣಿಗಳು ಚಳ್ಳಕೆರೆಗೆ ಎಣ್ಣೆ ನಗರವೆಂಬ ಹೆಸರು ತಂದವು. ಅಂಥ ಪೇಟೆಗಳಲ್ಲಿ ಮಾರುಕಟ್ಟೆ ಕಾನೂನು ಬಿಗಿಯಾಗುವ ಮೊದಲು ಚೀಲಕ್ಕೆ ಇಷ್ಟೆಂದು ಧರ್ಮಾದಾಯ ಮುರಿದುಕೊಳ್ಳುವ ರೂಢಿ ಇತ್ತು. ರೈತನ ಚೀಲದಿಂದ ಮುರಿದು ವರ್ತಕರ ಹೆಸರಿನಲ್ಲಿ ಛತ್ರವೋ ಗೋಶಾಲೆಯೋ ಕಟ್ಟುವ ಆ ಪದ್ಧತಿಯನ್ನು ನಾನು ಎತ್ತಿ ಹಿಡಿಯಲಾರೆ. ಅದನ್ನು ನಿಲ್ಲಿಸಿದ್ದು ಒಳ್ಳೆಯದಾಯಿತು. ಹೇಳಬೇಕಾದದ್ದು ಇಷ್ಟೇ: ಫಲ ಕಣ್ಣಿಗೆ ಬೀಳುವುದಾದರೆ ಈ ಸೀಮೆ ಕೊಡುತ್ತದೆ. ಎಷ್ಟೋ ಹಳ್ಳಿಗಳಲ್ಲಿ ಶಾಲೆ ನಿಂತಿರುವ ನೆಲವೇ ಯಾರೋ ರೈತ ಬಿಟ್ಟುಕೊಟ್ಟದ್ದು.

ಎರಡನೆಯ ಆಕ್ಷೇಪ ಗಟ್ಟಿಯಾದದ್ದು. ಊರಿನ ಆಸ್ತಿಯ ಮೇಲೆ ಶಾಲೆ ನಿಂತರೆ ಬಡ ಊರಿನ ಶಾಲೆ ಬಡವಾಗಿಯೇ ಉಳಿಯುತ್ತದೆ. ಮತ ಹಾಕಿ ತೆರಿಗೆ ನಿರ್ಧರಿಸುವ ಅಮೆರಿಕದಲ್ಲೇ ಇದಕ್ಕೆ ಸಾಕ್ಷಿ ಇದೆ. ಟೆಕ್ಸಾಸಿನ ಸ್ಯಾನ್ ಆಂಟೋನಿಯೊ ನಗರದಲ್ಲಿ ಎಡ್ಜ್‌ವುಡ್ ಎಂಬ ಬಡ ಶಾಲಾ ವಲಯದವರು 100 ಡಾಲರ್ ಆಸ್ತಿಗೆ 1.05 ಡಾಲರ್ ತೆರಿಗೆ ಹಾಕಿಕೊಂಡರೂ ಮಗುವೊಂದಕ್ಕೆ ಹುಟ್ಟುತ್ತಿದ್ದದ್ದು 26 ಡಾಲರ್. ಅದೇ ನಗರದ ಸಿರಿವಂತ ಅಲಾಮೊ ಹೈಟ್ಸ್‌ನವರು 85 ಸೆಂಟಿಗೇ 333 ಡಾಲರ್ ಪಡೆಯುತ್ತಿದ್ದರು. 1973ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಂದೇ ಮತದ ಅಂತರದಿಂದ ಇದು ಸಂವಿಧಾನಕ್ಕೆ ವಿರುದ್ಧವಲ್ಲ ಎಂದಿತು. ಐದು ವರ್ಷಕ್ಕೆ ಕ್ಯಾಲಿಫೋರ್ನಿಯಾದ ಮತದಾರರು ಆಸ್ತಿ ತೆರಿಗೆಗೆ ಶೇ. 1ರ ಮಿತಿ ಹಾಕುವ ನಿರ್ಣಯಕ್ಕೆ ಮತವಿತ್ತು, ಮತಪೆಟ್ಟಿಗೆ ಶಾಲೆಯ ಕೈ ಕಟ್ಟಲೂ ಬಲ್ಲದೆಂದು ತೋರಿಸಿದರು. ಎಣ್ಣೆ ಗಿರಣಿಗಳ ಚಳ್ಳಕೆರೆ ನಗರಸಭೆಗೂ ರಾಂಪುರದಾಚೆಯ ಒಂದು ನೇಕಾರರ ಹಳ್ಳಿಗೂ ಇರುವ ಅಂತರ ಇದೇ ಜಾತಿಯದು. ಆದ್ದರಿಂದಲೇ ಮೇಷ್ಟ್ರ ಸಂಬಳ, ಬಿಸಿಯೂಟ, ಪುಸ್ತಕ, ಕೊಠಡಿ ಇವು ಯಾವುವೂ ಊರಿನ ಮತಕ್ಕೆ ಬಿಡತಕ್ಕವಲ್ಲ. 1941ರ ತೀರ್ಮಾನ ಅಷ್ಟರ ಮಟ್ಟಿಗೆ ಇಂದೂ ನಿಲ್ಲಬೇಕು, 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಅದನ್ನೇ ಹೇಳುತ್ತದೆ. ಮತಕ್ಕೆ ಬಿಡುವುದು ಅದರ ಮೇಲಿನದನ್ನು: ರಜೆಯ ಮೇಲೆ ಹೋದ ಗಣಿತದ ಮೇಷ್ಟ್ರ ಜಾಗಕ್ಕೆ ಅತಿಥಿ ಶಿಕ್ಷಕ, ಸಂಜೆ ಓದಿಗೆ ದೀಪ, ಶೌಚಾಲಯಕ್ಕೆ ನೀರು ಬಿಡುವ ಆಳಿನ ಕೂಲಿ. ಸರ್ಕಾರ ಸೇರಿಸುವ ಪಾಲು 1920ರ ಮದ್ರಾಸಿನಂತೆ ಎಲ್ಲರಿಗೂ ಒಂದೇ ಅಳತೆಯದಾಗದೆ ಊರು ಬಡವಾದಷ್ಟೂ ಹೆಚ್ಚಾಗಬೇಕು. ಒಂದು ಮನೆ ಹತ್ತು ರೂಪಾಯಿ ಕೊಟ್ಟರೆ ಚಳ್ಳಕೆರೆಯಲ್ಲಿ ಐದು ಸೇರಲಿ, ದೇವಸಮುದ್ರದಲ್ಲಿ ಮೂವತ್ತು.

ಮೂರನೆಯದು ಐಗಳ ಮಠದ ಜಗಲಿಯಿಂದಲೇ ಬರುವ ಆಕ್ಷೇಪ. ಗ್ರಾಮಸಭೆ ದೊಡ್ಡೂರಿನಲ್ಲಿ ಸೇರುತ್ತದೆ, ಗೊಲ್ಲರಹಟ್ಟಿಯ ಹೆಂಗಸರು ಅಷ್ಟು ದೂರ ಬರುವುದಿಲ್ಲ. ಮಕ್ಕಳನ್ನು ಇಂಗ್ಲಿಷ್ ಮಾಧ್ಯಮದ ವ್ಯಾನು ಹತ್ತಿಸುವವರು ಸರ್ಕಾರಿ ಶಾಲೆಯ ತೆರಿಗೆಗೆ ಬೇಡ ಎನ್ನುತ್ತಾರೆ. ಈ ಅಪಾಯ ನಿಜ, ಪೂರ್ತಿ ನಿವಾರಣೆಯಾಗುವ ದಾರಿ ನನಗೆ ಕಾಣುವುದಿಲ್ಲ. ಹಟ್ಟಿಯ ಮಟ್ಟದಲ್ಲೇ ವಾರ್ಡ್ ಸಭೆ ಸೇರಿಸಿ ಅಲ್ಲೇ ಪೆಟ್ಟಿಗೆ ಇಟ್ಟರೆ ಸ್ವಲ್ಪ ತಗ್ಗಬಹುದು. ಆದರೆ ಈಗಿನ ಸ್ಥಿತಿಯಲ್ಲಿ ಹಟ್ಟಿಯವರ ದನಿ ಎಷ್ಟು ಕೇಳಿಸುತ್ತಿದೆ ಎಂಬುದನ್ನೂ ಎದುರಿಗಿಟ್ಟು ತೂಗಬೇಕು. 1923ರ ಸಭೆಗೆ ಮತ ಹಾಕಲಾಗದಿದ್ದ ಮನೆತನಗಳ ಕೈಯಲ್ಲಿ ಈಗ ವೋಟಿದೆ. ಪಂಚಾಯ್ತಿಯ ಕುರ್ಚಿಯಲ್ಲಿ ಮೀಸಲಾತಿಯಿಂದ ಬಂದ ಹೆಂಗಸರಿದ್ದಾರೆ.

ಉಳಿದದ್ದು ಆಸ್ತಿಯ ಪ್ರಶ್ನೆ. ಚಳ್ಳಕೆರೆ ತಾಲ್ಲೂಕಿನಲ್ಲಿ ಕಳೆದ ಹದಿನೈದು ವರ್ಷದಲ್ಲಿ ಎದ್ದ ಅತಿ ದೊಡ್ಡ ಕಟ್ಟಡಗಳು, ಅತಿ ಉದ್ದದ ಕಾಂಪೌಂಡು ಗೋಡೆಗಳು ಮನೆ ತೆರಿಗೆಯ ಪುಸ್ತಕಕ್ಕೆ ಹೊರಗಿವೆ. ಉಳ್ಳಾರ್ತಿ, ವರವು, ಕುದಾಪುರದ ಅಮೃತಮಹಲ್ ಕಾವಲುಗಳಲ್ಲಿ ಡಿಆರ್‌ಡಿಒ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೊ, ಭಾರತೀಯ ವಿಜ್ಞಾನ ಸಂಸ್ಥೆ ಈ ನಾಲ್ಕಕ್ಕೆ ಕೊಟ್ಟ ನೆಲ 8,000 ಎಕರೆಗೂ ಮೀರಿದ್ದು. ಕಾವಲು ಮೊದಲೂ ತೆರಿಗೆ ಕೊಡುತ್ತಿರಲಿಲ್ಲ, ನಿಜ. ಆದರೆ ಸುತ್ತಲ ಹಳ್ಳಿಗಳ ಕುರಿ-ದನಕ್ಕೆ ಮೇವು ಕೊಡುತ್ತಿತ್ತು, ಆ ಕುರಿಯ ದುಡ್ಡಿನಿಂದ ಮನೆ ತೆರಿಗೆ ಕಟ್ಟುವವರಿದ್ದರು. ವಿಜ್ಞಾನ ಸಂಸ್ಥೆ ತನ್ನ ಕುದಾಪುರದ ಆವರಣದಲ್ಲಿ ರಾಜ್ಯದ ವಿಜ್ಞಾನ ಶಿಕ್ಷಕರಿಗೆ ತರಬೇತಿ ಕೊಡುತ್ತ ಬಂದಿದೆ, ಅದು ದೊಡ್ಡ ಕೊಡುಗೆ. ಪಕ್ಕದ ಹಳ್ಳಿಯ ಶಾಲೆಯ ಸೋರುವ ಮಾಳಿಗೆಗೆ ಅದರಿಂದ ಹಣ ಹುಟ್ಟುವುದಿಲ್ಲ. ಕೇಂದ್ರ ಸರ್ಕಾರದ ಆಸ್ತಿಗೆ ಸ್ಥಳೀಯ ತೆರಿಗೆ ಹಾಕುವಂತಿಲ್ಲ ಎಂದು ಸಂವಿಧಾನದ 285ನೆಯ ವಿಧಿ ಹೇಳುತ್ತದೆ. ಆದರೆ ತೆರಿಗೆಯ ಬದಲು ಸೇವಾ ಶುಲ್ಕ ಎಂಬ ದಾರಿ ಇದೆ. ರಾಜಕೋಟೆ ಮಹಾನಗರಪಾಲಿಕೆಯ ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಕೇಂದ್ರ ಸರ್ಕಾರವೇ ಒಪ್ಪಿಕೊಂಡಂತೆ, ಪಡೆಯುವ ಸೌಕರ್ಯಕ್ಕೆ ತಕ್ಕಂತೆ ಆಸ್ತಿ ತೆರಿಗೆಯ ಶೇ. 75, 50 ಅಥವಾ ಮೂರನೆಯ ಒಂದು ಪಾಲನ್ನು ಅದರ ಕಚೇರಿಗಳು ಕಟ್ಟಬೇಕು. ಅದು ನಗರದ ಪ್ರಕರಣ. ಅದೇ ಅಳತೆ ಕಾವಲಿನ ಸುತ್ತಲ ಪಂಚಾಯ್ತಿಗಳಿಗೂ ಸಲ್ಲಬೇಕು, ಬಂದ ಹಣದಲ್ಲಿ ಶಿಕ್ಷಣ ಕರದ ಪಾಲು ಶಾಲೆಗಳಿಗೇ ಹೋಗಬೇಕು ಎಂದು ಆ ಪಂಚಾಯ್ತಿಗಳು ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ ಚಿತ್ರದುರ್ಗದ ಜಿಲ್ಲಾಡಳಿತಕ್ಕೂ ದೆಹಲಿಗೂ ಕಳಿಸಲು ಯಾವ ಕಾನೂನಿನ ಅಡ್ಡಿಯೂ ಇಲ್ಲ. ಊರಿನ ಮನೆಗಳಿಗೆ ಹೆಚ್ಚಿನ ತೆರಿಗೆ ಬೇಕೇ ಎಂದು ಕೇಳುವುದಕ್ಕೂ ಮೊದಲು ಕೈಗೆತ್ತಿಕೊಳ್ಳಬೇಕಾದ ನಿರ್ಣಯ ಅದು.